ಸಿಂಹಳದ ಬ್ಯಾಂಕುಗಳೂ ನಮ್ಮ ತೆಂಗಿನ ಸೀಮೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಹೋದವರು ದಂಡಿನಶಿವರದಂತಹ ಊರುಗಳಲ್ಲಿ ಮನೆಯ ಅಟ್ಟದ ಮೇಲೆ ತೆಂಗಿನ ಕಾಯಿ ರಾಶಿಯಾಗಿರುವುದನ್ನು ನೋಡಿರಬಹುದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹೆಚ್ಚು ಕಡಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಬೆಳೆಗಾರನ ಹಣ ಅಟ್ಟದಲ್ಲಿಯೇ ಇರುತ್ತದೆ. ಮಗಳ ಮದುವೆಯಾಗಲಿ, ಮಗನ ಓದಿನ ವೆಚ್ಚವಾಗಲಿ ಕೊಬ್ಬರಿ ಒಣಗುವವರೆಗೆ ಕಾಯುವುದಿಲ್ಲ. ಆಗ ಅವನು ಕಾಯನ್ನೇ ಬಂದ ಬೆಲೆಗೆ ಮಾರಬೇಕು, ಇಲ್ಲವೆ ಸಾಲ ತರಬೇಕು. ಕಾಯುವ ಕಾಲಕ್ಕೆ ಹಣ ಕೊಡುವವನು ಯಾವನೋ, ಬೆಳೆಯ ಬೆಲೆಯನ್ನು ಕಟ್ಟುವವನೂ ಬಹುಮಟ್ಟಿಗೆ ಅವನೇ. ಬ್ಯಾಂಕು ಏತಕ್ಕೆ ಬೇಕೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ನಮ್ಮಂತೆಯೇ ತೆಂಗನ್ನು ಬೆಳೆಯುವ ಒಂದು ದ್ವೀಪದ ಅನುಭವವು ಇದನ್ನು ಇನ್ನೂ ವಿಶದಪಡಿಸುತ್ತದೆ.

ಸಿಂಹಳವು, ಎಂದರೆ ಶ್ರೀಲಂಕೆಯು, ವಿಸ್ತಾರದಲ್ಲಿ ಹಳೆಯ ಮೈಸೂರು ಸಂಸ್ಥಾನಕ್ಕಿಂತ ಸ್ವಲ್ಪ ಚಿಕ್ಕದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ದೊಡ್ಡ ಬ್ಯಾಂಕುಗಳು ಆಂಗ್ಲರವು. ಕಾಫಿ ತೋಟಗಳೂ ರಫ್ತು ವ್ಯಾಪಾರವೂ ಅವುಗಳ ಆಧಾರ. ೧೮೬೯ರಲ್ಲಿ ಕಾಫಿಯ ಎಲೆಗೆ ತುಕ್ಕುರೋಗ ತಗಲಿತು; ಮುಂದಿನ ಹದಿನೈದು ವರ್ಷಗಳಲ್ಲಿ ತೋಟಗಳು ಹಾಳಾದುವು. ೧೮೮೪ರ ಮೇ ತಿಂಗಳಲ್ಲಿ ಓರಿಯಂಟಲ್ ಬ್ಯಾಂಕು ಬಾಗಿಲು ಹಾಕಿತು. ಅದು ಹೊರಡಿಸಿದ್ದ ನೋಟುಗಳನ್ನು ಕೈಯಲ್ಲಿ ಹಿಡಿದು ಜನರು ದಿಕ್ಕುಗೆಟ್ಟರು. ಗವರ್ನರ್ ಆರ್ಥರ್ ಗಾರ್ಡನ್ನರು ಆ ನೋಟುಗಳಿಗೆ ಸರ್ಕಾರವೇ ಹೊಣೆಯೆಂದು ಸಾರಿದ ಮೇಲೆ ಕಳವಳ ಅಡಗಿತು. ನೋಟು ಹೊರಡಿಸುವ ಕೆಲಸವನ್ನು ಸರ್ಕಾರವು ಅದೇ ವರ್ಷ ತಾನೇ ವಹಿಸಿಕೊಂಡಿತು. ಒಂದೇ ಬೆಳೆಯನ್ನು ನಂಬಿದ ಬ್ಯಾಂಕು ಆ ಬೆಳೆಯೊಡನೆಯೇ ಬಿದ್ದುಹೋಗುತ್ತದೆಂಬುದು ಇಲ್ಲಿಯ ಮೊದಲ ಪಾಠ.

ಆದರೂ ದೇಶೀಯರಿಗೆ ಬ್ಯಾಂಕಿನ ಸಾಲ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅವರಿಗೆ ಸಾಲ ಕೊಡುತ್ತಿದ್ದವರಲ್ಲಿ ತಮಿಳುನಾಡಿನ ನಾಟುಕೋಟೆ ಚೆಟ್ಟಿಯಾರರು ಪ್ರಮುಖರು. ಚೆಟ್ಟಿಯಾರರು ಬ್ಯಾಂಕುಗಳಿಂದ ಪಡೆದ ಹಣವು ಬೆಳೆಗಾರನ ಕೈಗೆ ಬರುವ ವೇಳೆಗೆ ಬಡ್ಡಿ ಏರಿರುತ್ತಿದ್ದಿತು. ೧೯೩೪ರಲ್ಲಿ ಸೊರಾಬ್ಜಿ ಪೋಚ್‌ಖಾನಾವಾಲಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು ದೇಶದ್ದೇ ಆದ ಬ್ಯಾಂಕು ಅವಶ್ಯವೆಂದು ಸಲಹೆಯಿತ್ತಿತು. ಅದರ ಫಲವಾಗಿ ೧೯೩೯ರಲ್ಲಿ ಬ್ಯಾಂಕ್ ಆಫ್ ಸಿಲೋನ್ ಹುಟ್ಟಿತು.

ನಮ್ಮ ಸಂಸ್ಥಾನವು ಈ ಹೆಜ್ಜೆಯನ್ನು ಇಪ್ಪತ್ತಾರು ವರ್ಷ ಮೊದಲೇ ಇಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಬ್ಯಾಂಕು ಸ್ಥಾಪಿತವಾದುದು ೧೯೧೩ರಲ್ಲಿ. ೧೯೬೦ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. ೨೦೧೭ರ ಏಪ್ರಿಲ್ ೧ರಂದು ಅದರಲ್ಲಿಯೇ ಲೀನವಾಯಿತು.

ಹಾಗಾದರೆ ನಮ್ಮದೇ ಬ್ಯಾಂಕು ಹೋದುದರಿಂದ ನಷ್ಟವಾಯಿತೆ? ಸ್ವಂತ ಬ್ಯಾಂಕುಗಳನ್ನು ಹೊಂದಿದ್ದ ಶ್ರೀಲಂಕೆಯೂ ೨೦೨೨ರಲ್ಲಿ ವಿದೇಶೀ ಸಾಲವನ್ನು ತೀರಿಸಲಾರದೆ ಕೈಚೆಲ್ಲಿತೆಂಬುದನ್ನು ನೆನೆಯಬೇಕು. ದೊಡ್ಡ ಬ್ಯಾಂಕಿಗೆ ಒಂದು ಸೀಮೆಯ ಬೆಳೆ ಕೆಟ್ಟರೆ ಇನ್ನೊಂದು ಸೀಮೆಯ ಆಸರೆಯುಂಟು. ಆದರೆ ಅಟ್ಟದ ಮೇಲಿನ ಕಾಯಿಯ ಬೆಲೆಯನ್ನು ಅರಿತವನು ಸ್ಥಳದವನೇ. ಆದುದರಿಂದ ಬ್ಯಾಂಕಿನ ಹೆಸರಿಗಿಂತ ಅದು ಯಾರಿಗೆ ಸಾಲ ಕೊಡುತ್ತದೆಂಬುದು ಮುಖ್ಯ. ಪಟ್ಟಣದಲ್ಲಿ ಠೇವಣಿಯಿಟ್ಟು ಬಡ್ಡಿಯನ್ನೆಣಿಸುವ ನಾವು, ಆ ಹಣದಲ್ಲಿ ಎಷ್ಟು ಪಾಲು ದಂಡಿನಶಿವರದ ಬೆಳೆಗಾರನಿಗೆ ಕೊಬ್ಬರಿ ಒಣಗುವವರೆಗೆ ಕಾಯುವ ಶಕ್ತಿಯನ್ನು ಕೊಡುತ್ತಿದೆಯೆಂದು ವಿಚಾರಿಸುವುದು ಯುಕ್ತ.