ರಕ್ತಕಣದ ಮೈಮೇಲಿನ ಗುರುತು

ಒಮ್ಮೆ ದಡಾರವೆದ್ದು ಇಳಿದ ಮಗುವಿಗೆ ಆ ರೋಗವು ಮರಳಿ ಬಾರದೆಂದು ನಮ್ಮ ಮನೆಗಳ ಹಿರಿಯರು ನಂಬಿರುವರಷ್ಟೆ. ಈ ನಂಬಿಕೆಯು ಬಹುಮಟ್ಟಿಗೆ ನಿಜವಾದುದು. ರಕ್ತದಲ್ಲಿರುವ ‘ಬಿ ಕಣ’ಗಳೆಂಬ ಒಂದು ಬಗೆಯ ಬಿಳಿಯ ಕಣಗಳು ಇದಕ್ಕೆ ಮುಖ್ಯ ಕಾರಣವು. ಎಲುಬಿನೊಳಗಣ ಮಜ್ಜೆಯಲ್ಲಿ ಹುಟ್ಟುವ ಇವು ರೋಗಾಣುವನ್ನು ಕಂಡಾಗ ವೃದ್ಧಿಹೊಂದಿ, ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳನ್ನು ಉತ್ಪಾದಿಸುವುವು. ಈ ಕಣಗಳ ಮೈಮೇಲೆ ‘ಸಿಡಿ-19’ ಎಂಬೊಂದು ಪ್ರೋಟೀನು ಉಂಟು. ಅದರ ವಿಷಯವಾಗಿ ವಾಚಕರಿಗೆ ನಾಲ್ಕು ಮಾತುಗಳನ್ನು ಹೇಳಬಯಸುವೆವು.

ರೋಗಾಣುವು ರಕ್ತಕ್ಕೆ ಸೇರಿದೊಡನೆ ರಕ್ತದಲ್ಲಿಯೇ ಇರುವ ಕೆಲವು ಪ್ರೋಟೀನುಗಳು ಅದಕ್ಕೆ ಮುದ್ರೆಯಂತೆ ಅಂಟಿಕೊಳ್ಳುವುವು. ಮುದ್ರೆ ಬಿದ್ದ ಶತ್ರುವನ್ನು ಬಿ ಕಣವು ಹಿಡಿದಾಗ ಸಿಡಿ-19 ತನ್ನ ಜೊತೆಗಾರ ಪ್ರೋಟೀನುಗಳೊಡನೆ ಕೂಡಿ, ಕಣದ ಒಳಕ್ಕೆ ಎಚ್ಚರಿಕೆಯನ್ನು ಬಲಪಡಿಸಿ ಕಳುಹಿಸುವುದು. ಕೋಳಿಮೊಟ್ಟೆಯ ಒಂದು ಪ್ರೋಟೀನಿಗೆ ಇಂತಹ ಮುದ್ರೆಗಳನ್ನು ಮೂರು ಸಾರಿ ಜೋಡಿಸಿ ಇಲಿಗಳಿಗೆ ಕೊಟ್ಟಾಗ, ಅದರ ಪ್ರಭಾವವು ಹತ್ತು ಸಾವಿರ ಮಡಿ ಹೆಚ್ಚಿತೆಂದು 1996ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದಲೇ ಸಿಡಿ-19 ಇಲ್ಲದ ಕೆಲವು ರೋಗಿಗಳ ವೃತ್ತಾಂತವು 2006ರಲ್ಲಿ ಹೊರಬಂದಿತು. ಅವರಲ್ಲಿ ಬಿ ಕಣಗಳೇನೋ ಇದ್ದುವು. ಆದರೆ ಪ್ರತಿಕಾಯಗಳು ಸಾಲದೆ, ಸೋಂಕುಗಳು ಪದೇ ಪದೇ ಕಾಡುತ್ತಿದ್ದುವು.

ಇಂತಹ ಕಾವಲುಗಾರನೇ ಕೆಟ್ಟುಹೋದರೆ ಗತಿಯೇನು? ಬಿ ಕಣಗಳು ಎಳೆಯ ಸ್ಥಿತಿಯಲ್ಲಿಯೇ ಅಂಕೆಮೀರಿ ಬೆಳೆಯುವುದುಂಟು. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಿನದು ಈ ಬಗೆಯದೇ. ಈ ದುಷ್ಟ ಕಣಗಳ ಮೇಲೆಯೂ ಸಾಮಾನ್ಯವಾಗಿ ಸಿಡಿ-19 ಇರುವುದು. ರಕ್ತಕಣಗಳಿಗೆಲ್ಲ ತಾಯಿಯಂತಿರುವ ಮಜ್ಜೆಯ ಮೂಲಕಣಗಳ ಮೇಲೆ ಇಲ್ಲ. ಆದುದರಿಂದ ಈ ಗುರುತನ್ನು ಹಿಡಿದು ಹೊಡೆದರೆ ಮೂಲಕ್ಕೆ ಪೆಟ್ಟು ಬೀಳದು.

ವೈದ್ಯರು ಮಾಡುವುದು ಹೀಗೆ: ರೋಗಿಯ ರಕ್ತದಿಂದ ‘ಟಿ ಕಣ’ಗಳೆಂಬ ಬೇರೊಂದು ಜಾತಿಯ ಬಿಳಿಯ ಕಣಗಳನ್ನು ತೆಗೆದು, ಸಿಡಿ-19ನ್ನು ಗುರುತಿಸುವ ಶಕ್ತಿಯನ್ನು ಅವುಗಳಲ್ಲಿ ನಾಟಿ, ಮರಳಿ ದೇಹಕ್ಕೆ ಸೇರಿಸುವರು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲೆಗೆ ಈ ಚಿಕಿತ್ಸೆಯಾಯಿತು. ರೋಗವು ಎರಡು ಸಲ ಮರುಕಳಿಸಿ, ಉಳಿದ ಉಪಾಯಗಳು ಕೈಬಿಟ್ಟಿದ್ದುವು. ಟಿ ಕಣಗಳ ಯುದ್ಧದಿಂದ ಉಗ್ರ ಜ್ವರವೇರಿ ಮಗುವು ಯಂತ್ರದ ಸಹಾಯದಿಂದ ಉಸಿರಾಡುವಂತಾಯಿತು. ಆಗ ಕೀಲುವಾತಕ್ಕೆ ಬಳಸುವ ಔಷಧವೊಂದನ್ನು ವೈದ್ಯರು ಕೊಟ್ಟರು. ಜ್ವರವಿಳಿಯಿತು, ಕ್ಯಾನ್ಸರೂ ಮಾಯವಾಯಿತು. 2017ರಲ್ಲಿ ಅಮೆರಿಕದ ಸರಕಾರವು ಈ ಚಿಕಿತ್ಸೆಗೆ ಒಪ್ಪಿಗೆಯಿತ್ತಿತು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ಶ್ರಮದಿಂದ ಸಿದ್ಧವಾದ ಸ್ವದೇಶೀ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಕೆಟ್ಟ ಕಣಗಳೊಡನೆ ಒಳ್ಳೆಯ ಬಿ ಕಣಗಳೂ ನಾಶವಾಗುವುವು. ಅನೇಕರಿಗೆ ಪ್ರತಿಕಾಯಗಳನ್ನು ಹೊರಗಿನಿಂದ ಕೊಡುತ್ತಿರಬೇಕಾಗುವುದು. ಕೆಲವು ಸಲ ಕ್ಯಾನ್ಸರ್ ಕಣಗಳು ಸಿಡಿ-19ನ್ನೇ ಕಳಚಿಹಾಕಿ, ಗುರುತು ಸಿಗದೆ ಮತ್ತೆ ಬೆಳೆಯುವುದುಂಟು. ಆದರೂ ಒಂದು ಸಮಾಧಾನವಿದೆ. ಪ್ರತಿಕಾಯಗಳನ್ನು ತಯಾರಿಸುವ ಹಳೆಯ ಕಣಗಳಲ್ಲಿ ಹಲವು ಈ ಗುರುತನ್ನು ಮೊದಲೇ ಬಿಟ್ಟುಕೊಟ್ಟಿರುವುದರಿಂದ ಉಳಿದುಕೊಳ್ಳುವುವು. ದಡಾರದಂತಹ ಹಳೆಯ ಶತ್ರುಗಳ ನೆನಪು ಕೆಲವರಲ್ಲಿ ಹಾಗೆಯೇ ಇರುವುದು.

ಈ ಚಿಕಿತ್ಸೆಯು ಎಲ್ಲರಿಗೂ ಮೊದಲ ಮದ್ದಲ್ಲ. ಮಕ್ಕಳ ಈ ಕ್ಯಾನ್ಸರು ಸಕಾಲದಲ್ಲಿ ತಿಳಿದರೆ ರೂಢಿಯ ಔಷಧಗಳಿಂದಲೇ ಬಹುಮಂದಿಯಲ್ಲಿ ಗುಣವಾಗುವುದು. ಮಗುವಿನ ಜ್ವರವು ಬಿಡದಿದ್ದರೆ, ಮೈ ಬಿಳಿಚಿದರೆ, ಪೆಟ್ಟಿಲ್ಲದೆ ಕಂದುಗಟ್ಟಿದರೆ, ದೃಷ್ಟಿಯೆಂದು ನಿವಾಳಿಸಿ ಸುಮ್ಮನಾಗದೆ ಒಡನೆ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕೆಂದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ.