ಕಾಲುದಾರಿ ಕಾಯೋರ ಮಹಾಸಭೆ!

ಸಭೆ ಅಂದ್ರೆ ನಮಗೆ ಗೊತ್ತಿರೋದು ಹಾರ, ಶಾಲು, ಭಾಷಣ, ಕೊನೆಗೆ ಕಾಫಿ-ಉಪ್ಪಿಟ್ಟು. ಏನು ತೀರ್ಮಾನವಾಯಿತು ಅಂತ ಮಾರನೇ ದಿನ ಕೇಳಿದರೆ ಅಧ್ಯಕ್ಷರಿಗೇ ನೆನಪಿರುವುದಿಲ್ಲ. ಆದರೆ ಒಂದು ಸಭೆಯ ತೀರ್ಮಾನ ನೂರು ವರ್ಷ ಕಳೆದರೂ ಇನ್ನೂ ಜಾರಿಯಲ್ಲಿದೆ. ಯಾವ ಘನಂದಾರಿ ವಿಷಯಕ್ಕೆ ಅಂತೀರಾ? ಒಂದು ಕಾಲುದಾರಿಗೆ!

ಆ ಸಭೆ ಸೇರಿದ್ದು 1925ರ ಮಾರ್ಚ್ 2 ಮತ್ತು 3ರಂದು, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ. ದಾರಿಯ ಹೆಸರು ಅಪಲೇಚಿಯನ್ ಟ್ರೇಲ್. ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಉತ್ತರದ ಮೇನ್ ರಾಜ್ಯದವರೆಗೆ, 14 ರಾಜ್ಯ ದಾಟಿ, ಬೆಟ್ಟದ ನೆತ್ತಿಯ ಮೇಲೆ ಸಾಗುವ ಸುಮಾರು 3,500 ಕಿಲೋಮೀಟರು. ಶ್ರೀನಗರದಿಂದ ಕನ್ಯಾಕುಮಾರಿಗೆ ರಸ್ತೆಯಲ್ಲಿ ಹೋದಷ್ಟು ದೂರ ಅನ್ನಿ. ಅಷ್ಟನ್ನೂ ಕಾಲಲ್ಲೇ ನಡೆಯಬೇಕು.

ಬೆಂಟನ್ ಮೆಕಾಯ್ ಎಂಬ ಅರಣ್ಯ ತಜ್ಞರು ಈ ದಾರಿಯ ಯೋಜನೆಯನ್ನು 1921ರಲ್ಲಿ ಪತ್ರಿಕೆಯೊಂದರಲ್ಲಿ ಬರೆದರು. ನಾಲ್ಕು ವರ್ಷದ ಮೇಲೆ ಸೇರಿದ ಸಭೆಯಲ್ಲಿ ಇದಕ್ಕೊಂದು ಸಂಘ ಹುಟ್ಟಿತು. ಸಂಘದ ಹೆಸರಲ್ಲೇ ಸಭೆ ಇತ್ತು: ಅಪಲೇಚಿಯನ್ ಟ್ರೇಲ್ ಕಾನ್ಫರೆನ್ಸ್. 2005ರಲ್ಲಿ ಅದನ್ನು ಕನ್ಸರ್ವೆನ್ಸಿ, ಅಂದರೆ ಸಂರಕ್ಷಣಾ ಸಂಸ್ಥೆ ಎಂದು ಬದಲಾಯಿಸಿದರು.

ಮಾಡಿದ್ದು ಸುಲಭ, ಉಳಿಸಿದ್ದು ಕಷ್ಟ

ವಕೀಲ ಮೈರನ್ ಏವರಿ ಅಳತೆಯ ಚಕ್ರ ತಳ್ಳಿಕೊಂಡು ಬೆಟ್ಟ ಬೆಟ್ಟ ಅಲೆದರು. ಊರೂರಿನ ನಡಿಗೆ ಸಂಘಗಳು ಕೈಜೋಡಿಸಿದವು. 1937ರ ಆಗಸ್ಟ್ 14ರಂದು ಮೇನ್ ರಾಜ್ಯದಲ್ಲಿ ಕೊನೆಯ ತುಂಡು ಕೂಡಿತು. ಕೆಲಸ ಮುಗೀತು ಅಂದುಕೊಂಡರೆ ಕೆಟ್ಟೆವು!

ಮರುವರ್ಷವೇ ಉತ್ತರದಲ್ಲಿ ಚಂಡಮಾರುತ ಬಂದು ದಾರಿಯ ಮೇಲೆ ಮರಗಳನ್ನು ಅಡ್ಡಡ್ಡ ಕೆಡವಿತು. ಆಮೇಲೆ ಮಹಾಯುದ್ಧ. ಕುಡುಗೋಲು ಹಿಡಿಯುತ್ತಿದ್ದ ಹುಡುಗರು ಬಂದೂಕು ಹಿಡಿದು ಹೋದರು, ದಾರಿಯನ್ನು ಗಿಡಗಂಟಿ ನುಂಗಿತು. 1948ರಲ್ಲಿ ಅರ್ಲ್ ಶೇಫರ್ ಎಂಬ ಮಾಜಿ ಸೈನಿಕ ಒಂದೇ ಉಸುರಿನಲ್ಲಿ ಇಡೀ ದಾರಿ ನಡೆದಾಗ ಎಷ್ಟೋ ಕಡೆ ಅದನ್ನು ಹುಡುಕಿಕೊಂಡೇ ಹೋಗಬೇಕಾಯಿತು. ಕಾಲುದಾರಿ ಕಲ್ಲಿನ ಕೋಟೆಯಲ್ಲ ಸ್ವಾಮಿ, ನಾಲ್ಕು ಮಳೆಗಾಲ ಯಾರೂ ಕಣ್ಣು ಹಾಯಿಸದಿದ್ದರೆ ಇಲ್ಲವಾಗುತ್ತದೆ.

ಹಾಗಾದರೆ ಕಾಯೋರು ಯಾರಪ್ಪಾ? ಸಂಬಳದ ಸಿಬ್ಬಂದಿ ಇದ್ದಾರೆ, ಆದರೆ ಬಹುಪಾಲು ಕೆಲಸ ಪುಕ್ಕಟೆ ದುಡಿಯುವವರದು. ಇಡೀ ದಾರಿಯನ್ನು ಮೂವತ್ತರಷ್ಟು ಸ್ಥಳೀಯ ಸಂಘಗಳು ಹಂಚಿಕೊಂಡಿವೆ. ಸಂಘದ ಪಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು. ರಜಾ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮಳೆ ನೀರು ದಾರಿಯನ್ನೇ ಕಾಲುವೆ ಮಾಡಿಕೊಳ್ಳದ ಹಾಗೆ ಕಲ್ಲು ಇಲ್ಲವೇ ಮರದ ದಿಮ್ಮಿಯನ್ನು ಓರೆಯಾಗಿ ಹೂತು ನೀರನ್ನು ಬದಿಗೆ ತಿರುಗಿಸುತ್ತಾರೆ. ಮರಗಳ ಮೇಲೆ ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿ ಬಣ್ಣದ ಪಟ್ಟಿ ಬಳಿಯುತ್ತಾರೆ. ಒಂದು ಪಟ್ಟಿ ಇದ್ದರೆ ನೇರ ನಡೆ, ಒಂದರ ಮೇಲೊಂದು ಎರಡಿದ್ದರೆ ಹುಷಾರು, ಮುಂದೆ ತಿರುವು. ಯಂತ್ರ ತರಬಾರದೆಂದು ಕಾನೂನು ಇರುವ ಕಾಡಿನಲ್ಲಿ ಮರ ಬಿದ್ದರೆ ಇಬ್ಬರು ಆ ಕಡೆ ಈ ಕಡೆ ನಿಂತು ಕೈಗರಗಸವನ್ನೇ ಎಳೆಯಬೇಕು.

ಬಹುಕಾಲ ಇವರೆಲ್ಲ ಎರಡು ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಿದ್ದರು. ಬರೀ ಭಾಷಣವಲ್ಲ, ಕೆಲಸದ ಪಾಠವೂ ಉಂಟು, ಜತೆಯಲ್ಲಿ ನಡೆಯುವುದೂ ಉಂಟು.

ಜಗಳವೂ ಆಯಿತು!

ಸಭೆ ಅಂದಮೇಲೆ ಜಗಳವಿಲ್ಲದೆ ಆದೀತೆ? 1930ರ ದಶಕದಲ್ಲಿ ವರ್ಜೀನಿಯಾದ ಬೆಟ್ಟದ ನೆತ್ತಿಯ ಮೇಲೆ, ಕಾಲುದಾರಿ ಇದ್ದ ಜಾಗದಲ್ಲೇ ಸರ್ಕಾರ ಮೋಟಾರು ರಸ್ತೆ ಹಾಕಲು ಹೊರಟಿತು. ಕಾರು ಬಂದರೆ ಕಾಡು ಹೋಯಿತು, ವಿರೋಧಿಸಿ ಅಂದರು ಮೆಕಾಯ್. ದಾರಿಯನ್ನು ಪಕ್ಕಕ್ಕೆ ಸರಿಸೋಣ, ಮೊದಲು ಪೂರ್ತಿ ಮಾಡೋಣ ಅಂದರು ಏವರಿ. ಗೆದ್ದದ್ದು ಏವರಿ. ಕನಸು ಕಂಡ ಮೆಕಾಯ್ ದೂರ ಸರಿದು 1935ರಲ್ಲಿ ಕೆಲವರೊಡನೆ ಸೇರಿ ಕಾಡು ಉಳಿಸುವ ಬೇರೊಂದು ಸಂಘ ಕಟ್ಟಿದರು. ಏವರಿಯ ಹಟವಿಲ್ಲದಿದ್ದರೆ ದಾರಿ ಕೂಡುತ್ತಿರಲಿಲ್ಲ. ಮೆಕಾಯ್ ಹೇಳಿದ್ದೂ ಸುಳ್ಳಾಗಲಿಲ್ಲ, ಮುಂದಿನ ದಿನಗಳಲ್ಲಿ ರಸ್ತೆ, ಕಟ್ಟಡಗಳು ದಾರಿಯನ್ನು ಒತ್ತುತ್ತಲೇ ಬಂದವು.

ಏಕೆಂದರೆ ಆಗ ದಾರಿಯ ದೊಡ್ಡ ಭಾಗ ಖಾಸಗಿ ಜಮೀನಿನಲ್ಲಿತ್ತು. ಯಜಮಾನ ಹೂಂ ಅಂದರೆ ನಡೆಯಬಹುದು, ಜಮೀನು ಮಾರಿದರೆ ದಾರಿ ಹೆದ್ದಾರಿಯ ಅಂಚಿಗೆ ಬರಬೇಕು. 1968ರಲ್ಲಿ ರಾಷ್ಟ್ರೀಯ ಕಾಲುದಾರಿಗಳ ಕಾನೂನು ಬಂತು. 1978ರ ತಿದ್ದುಪಡಿಯ ನಂತರ ಜಮೀನು ಕೊಳ್ಳುವ ಕೆಲಸ ಚುರುಕಾಯಿತು. 1984ರಲ್ಲಿ, ಹಾಗೆ ಕೊಂಡ ಜಮೀನಿನ ನಿಗಾವನ್ನು ಸರ್ಕಾರ ಈ ಸಂಘಕ್ಕೇ ಒಪ್ಪಿಸಿತು! ಸರ್ಕಾರ ತನ್ನ ಆಸ್ತಿಯನ್ನು ಬುತ್ತಿ ಕಟ್ಟಿಕೊಂಡು ಬರುವವರ ಕೈಗೆ ಕೊಟ್ಟಿತು ಅಂದರೆ ನಂಬಿಕೆ ಎಂಥದಿರಬೇಕು ನೋಡಿ.

ಅಂಗಡಿಯವರಿಗೂ ಲಾಭ

ಇದರಿಂದ ವ್ಯಾಪಾರಕ್ಕೇನು ಅಂತ ಅಂಗಡಿ ಯಜಮಾನರು ಕೇಳಬಹುದು. ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಊರಿನ ಮುಖ್ಯ ಬೀದಿಯಲ್ಲೇ ಈ ದಾರಿ ಹಾದುಹೋಗುತ್ತದೆ. ಮೂಟೆ ಹೊತ್ತು ಬಂದವರಿಗೆ ಊಟ ಬೇಕು, ಹಾಸಿಗೆ ಬೇಕು, ಹೊಸ ಬೂಟು ಬೇಕು. 1987ರಿಂದ ಅಲ್ಲಿ ಮೇ ತಿಂಗಳಲ್ಲಿ ನಡಿಗೆಯವರ ಜಾತ್ರೆಯೇ ನಡೆಯುತ್ತ ಬಂದಿದೆ.

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಆ ಊರನ್ನೂ, ದಾರಿಯ ದಕ್ಷಿಣ ಭಾಗವನ್ನೂ ಬಡಿಯಿತು. ಸಾವಿರಾರು ಮರ ಉರುಳಿದವು. ಟೆನೆಸ್ಸಿ ರಾಜ್ಯದಲ್ಲಿ ದಾರಿ ನದಿ ದಾಟುತ್ತಿದ್ದ ಸೇತುವೆಯೇ ಕೊಚ್ಚಿಹೋಯಿತು. 2025ರಲ್ಲಿ ನಡೆಯುವವರನ್ನು ಅಲ್ಲಿ ದೋಣಿಯಲ್ಲಿ ದಾಟಿಸಿದರು. ಸಂಘಕ್ಕೆ ನೂರು ತುಂಬಿದ ವರ್ಷವೂ ಅದೇ. ಉತ್ಸವದ ವರ್ಷದಲ್ಲಿ ಮತ್ತೆ ಗರಗಸ, ಮತ್ತೆ ಗುದ್ದಲಿ!

ಆ ಹೋಟೆಲಿನಲ್ಲಿ ಶುರುವಾದದ್ದರ ಗುಟ್ಟು ಇಷ್ಟೆ: ದಾರಿ ಎಲ್ಲರದು ಅಂತ ಹೇಳಿ ಎದ್ದುಹೋಗಲಿಲ್ಲ. ಇಲ್ಲಿಂದ ಇಲ್ಲಿಯ ತನಕ ನಿಮ್ಮದು, ಅಲ್ಲಿಂದ ಮುಂದೆ ಅವರದು ಅಂತ ಹಂಚುತ್ತಾ ಹೋದರು. ನಮ್ಮ ಸಭೆಗಳಲ್ಲೂ ಉಪ್ಪಿಟ್ಟು ಹಂಚುವ ಮೊದಲು ಕೆಲಸ ಹಂಚಿದರೆ ಹೇಗೆ? ಶಾಲು ಹೊದಿಸಿಕೊಳ್ಳುವವರು ಕೊಂಚ ಯೋಚಿಸಲಿ.