ಸ್ವಲೀನ ಮಗುವೂ ಸಂಶೋಧಕರ ಪ್ರಶ್ನೆಗಳೂ

ಮಗು ತಾಯಿಯ ಮುಖವನ್ನು ಕಂಡು ನಗುವುದು, ಹೆಸರು ಹಿಡಿದು ಕರೆದರೆ ತಿರುಗುವುದು, ಚಂದಮಾಮನನ್ನು ಬೆರಳಿಟ್ಟು ತೋರಿಸುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಯಾರೂ ಲೆಕ್ಕವಿಡದ ಸಂಗತಿಗಳು. ಆದರೆ ಕೆಲವು ಮನೆಗಳಲ್ಲಿ ಎರಡು ವರ್ಷ ತುಂಬಿದರೂ ಮಗು ಕರೆದತ್ತ ತಿರುಗದು. ಕಿವುಡಿರಬಹುದೆಂದರೆ, ಅಡಿಗೆಮನೆಯಲ್ಲಿ ತಿಂಡಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಓಡಿ ಬರುವುದು. ಆಟದ ಬಂಡಿಯನ್ನು ಎಳೆಯದೆ, ಅದನ್ನು ಮಗುಚಿ ಹಾಕಿ, ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂಡುವುದು. ಗಂಡುಮಕ್ಕಳಿಗೆ ಮಾತು ತಡವೆಂದು ಅಜ್ಜಿ ಸಮಾಧಾನ ಹೇಳುವಳು. ನೆರೆಯಾಕೆ ದೃಷ್ಟಿ ತೆಗೆಯೆನ್ನುವಳು. ತಾಯಿಗೆ ಮಾತ್ರ ನಿದ್ರೆ ಬಾರದು. ಈ ಸ್ಥಿತಿಗೆ ವೈದ್ಯರು ಆಟಿಸಂ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಸ್ವಲೀನತೆ ಎನ್ನುವ ರೂಢಿಯಿದೆ.

ಇದರ ಲಕ್ಷಣಗಳನ್ನು ಸವಿಸ್ತಾರವಾಗಿ ಹೇಳುವುದು ನಮ್ಮ ಉದ್ದೇಶವಲ್ಲ. ಲೋಕದ ಶೋಧನಾಲಯಗಳಲ್ಲಿ ಇದಕ್ಕಾಗಿ ಅಪಾರ ದ್ರವ್ಯವು ವ್ಯಯವಾಗುತ್ತಿರುವಾಗ, ಮೊದಲು ಹಿಡಿಯತಕ್ಕ ಪ್ರಶ್ನೆ ಯಾವುದು, ಅದನ್ನು ನಿರ್ಣಯಿಸತಕ್ಕವರು ಯಾರು ಎಂಬುದನ್ನು ವಿಚಾರಿಸಲಿಚ್ಛಿಸುತ್ತೇವೆ. ಇದು ಪಂಡಿತರ ವಿಷಯ, ಮನೆವಾರ್ತೆಯವರಿಗೇಕೆ ಎನ್ನುವವರುಂಟು. ಆದರೆ ಪ್ರಶ್ನೆ ತಪ್ಪಿದುದರ ಫಲವನ್ನು ಬಹುಕಾಲ ಉಂಡವರು ಮನೆವಾರ್ತೆಯವರೇ.

ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. (ಮಾಸ್ಕೋ ನಗರದ ಗ್ರುನ್ಯಾ ಸುಖಾರೇವಾ ಎಂಬ ವೈದ್ಯೆ ೧೯೨೦ರ ದಶಕದಲ್ಲಿಯೇ ಇಂಥ ಮಕ್ಕಳನ್ನು ಕುರಿತು ಬರೆದಿದ್ದರೂ ಅದು ಬಹುಕಾಲ ಮರೆಯಲ್ಲಿಯೇ ಉಳಿಯಿತು.) ಈ ಸ್ಥಿತಿ ಹುಟ್ಟಿನೊಡನೆ ಬಂದುದೆಂದು ಕ್ಯಾನರರು ಅಭಿಪ್ರಾಯಪಟ್ಟರು, ಆದರೆ ಆ ತಾಯ್ತಂದೆಗಳಲ್ಲಿ ಅಕ್ಕರೆಯ ಬಿಸುಪು ಸಾಲದೆಂಬ ಮಾತನ್ನೂ ಸೇರಿಸಿದರು. ಕಿಡಿ ಬಿದ್ದುದು ಅಲ್ಲಿಯೇ. ತಾಯಿಯ ಎದೆ ತಣ್ಣಗಿರುವುದರಿಂದಲೇ ಮಗು ತನ್ನೊಳಗೆ ಅಡಗಿಕೊಂಡಿತೆಂಬ ಮತವು ಬೆಳೆಯಿತು. ಷಿಕಾಗೋ ನಗರದ ಬ್ರೂನೋ ಬೆಟಲ್‌ಹೈಮ್ ಎಂಬವರು ೧೯೬೭ರಲ್ಲಿ ಅದನ್ನೇ ಎತ್ತಿ ಹಿಡಿದು ದೊಡ್ಡ ಗ್ರಂಥವನ್ನು ಬರೆದರು. ತಾಯಿ ಮಾಡಿದ ತಪ್ಪೇನು ಎಂಬುದೇ ಪ್ರಶ್ನೆಯಾದ ಮೇಲೆ, ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ನಡೆಯಿತು. ಮಗುವನ್ನು ತಾಯಿಯಿಂದ ಅಗಲಿಸುವುದನ್ನೇ ಔಷಧವೆಂದು ಬಗೆದವರುಂಟು. ರಾತ್ರಿಯೆಲ್ಲ ಎಚ್ಚರವಿದ್ದು ಮಗುವನ್ನು ಕಾದ ಹೆಂಗಸಿಗೆ ಹಗಲಲ್ಲಿ ವೈದ್ಯನೆದುರು ಅಪರಾಧಿಯ ಪೀಠ!

ಈ ಮತವನ್ನು ಮೊದಲು ಗಟ್ಟಿಯಾಗಿ ಅಲುಗಿಸಿದವರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. ಅವರ ಮಗನೇ ಸ್ವಲೀನನಾಗಿದ್ದನು. ಇದು ಶರೀರಮೂಲವಾದುದೆಂದು ೧೯೬೪ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ೧೯೬೯ರಲ್ಲಿ ತಾಯ್ತಂದೆಗಳ ಸಭೆಯೊಂದರಲ್ಲಿ ಕ್ಯಾನರರೇ ನಿಂತು ಅವರನ್ನು ದೋಷಮುಕ್ತರನ್ನಾಗಿ ಮಾಡಿದರು. ೧೯೭೭ರಲ್ಲಿ ಬ್ರಿಟನ್ನಿನ ಅವಳಿಮಕ್ಕಳ ಪರೀಕ್ಷೆ ಪ್ರಕಟವಾಯಿತು: ತದ್ರೂಪಿಗಳ ೧೧ ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆಯಿದ್ದಿತು, ತದ್ರೂಪಿಗಳಲ್ಲದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಒಂದೇ ತಾಯಿ, ಒಂದೇ ತೊಟ್ಟಿಲು. ಆದುದರಿಂದ ಭೇದವು ವಂಶಬೀಜದಲ್ಲಿರಬೇಕೆಂಬುದು ಅದರ ತಾತ್ಪರ್ಯ.

ಚಿಕಿತ್ಸೆಯ ವಿಷಯದಲ್ಲಿ ಒಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆವು. ಸೆಕ್ರಿಟಿನ್ ಎಂಬುದು ಪಚನಕ್ಕೆ ಸಂಬಂಧಿಸಿದ ಒಂದು ದೇಹರಸ. ಉದರಪರೀಕ್ಷೆಗಾಗಿ ಅದನ್ನು ಚುಚ್ಚಿಸಿಕೊಂಡ ಮೂರು ಸ್ವಲೀನ ಮಕ್ಕಳು ಮೊದಲಿಗಿಂತ ಹೆಚ್ಚು ಮಾತಾಡತೊಡಗಿದರೆಂದು ೧೯೯೮ರಲ್ಲಿ ವರದಿಯಾಯಿತು. ಸುದ್ದಿ ಹಬ್ಬಿದುದೇ ತಡ, ತಾಯ್ತಂದೆಗಳು ಸಾಲಮೂಲ ಮಾಡಿ ಅದರ ಬೆನ್ನು ಹತ್ತಿದರು. ಮರುವರ್ಷವೇ ಸರಿಯಾದ ಪರೀಕ್ಷೆ ನಡೆಯಿತು. ಕೆಲವು ಮಕ್ಕಳಿಗೆ ಸೆಕ್ರಿಟಿನ್, ಉಳಿದವರಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದೆಂದು ಮನೆಯವರಿಗೂ ತಿಳಿಯದು. ಎರಡು ಗುಂಪುಗಳಲ್ಲಿಯೂ ಅಷ್ಟಿಷ್ಟು ಸುಧಾರಣೆ ಕಂಡಿತು; ಔಷಧಕ್ಕೂ ಉಪ್ಪುನೀರಿಗೂ ಅಂತರವೇ ಇರಲಿಲ್ಲ. ಇದನ್ನು ತಿಳಿಸಿದ ಮೇಲೆಯೂ ಆ ತಾಯ್ತಂದೆಗಳಲ್ಲಿ ನೂರಕ್ಕೆ ೬೯ ಮಂದಿ ತಮಗೆ ಅದರಲ್ಲಿ ಇನ್ನೂ ಆಸಕ್ತಿಯಿದೆಯೆಂದರು. ಇದನ್ನು ಮೌಢ್ಯವೆಂದು ನಗಲು ನಮಗೆ ಮನಸ್ಸು ಬಾರದು. ಹಿಡಿಯಲು ಬೇರೆ ಕೊಂಬೆಯನ್ನೇ ತೋರಿಸದಿದ್ದರೆ ಮುಳುಗುವವನು ಹುಲ್ಲುಕಡ್ಡಿಯನ್ನು ಬಿಡುವನೆ?

ಲಸಿಕೆಯ ಗದ್ದಲವನ್ನು ಚುಟುಕಾಗಿ ಹೇಳುವೆವು. ೧೯೯೮ರಲ್ಲಿ ಹನ್ನೆರಡು ಮಕ್ಕಳ ಆಧಾರದಿಂದ ಎದ್ದ ಸಂಶಯವು ನಿಲ್ಲಲಿಲ್ಲ. ಆ ಲೇಖನವನ್ನು ಅದನ್ನು ಮುದ್ರಿಸಿದ್ದ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ೨೦೦೨ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಐದು ಲಕ್ಷಕ್ಕೂ ಮಿಕ್ಕ ಮಕ್ಕಳ ಪರಿಶೀಲನೆಯಲ್ಲಿ ದಡಾರದ ಲಸಿಕೆಗೂ ಸ್ವಲೀನತೆಗೂ ಸಂಬಂಧ ಕಾಣಲಿಲ್ಲ. ಒಂದು ಸುಳ್ಳನ್ನು ಸುಳ್ಳೆಂದು ತೋರಿಸಲು ಎಷ್ಟು ವರ್ಷ, ಎಷ್ಟು ಹಣ!

ಹಾಗಾದರೆ ಹಣವು ಯಾವ ಕಡೆಗೆ ಹರಿಯಬೇಕು? ಅಮೆರಿಕದಲ್ಲಿ ೨೦೦೬ರ ಶಾಸನದಂತೆ ಒಂದು ಸಂಶೋಧನಾ ಯೋಜನೆ ಸಿದ್ಧವಾಗಿ ೨೦೦೯ರಲ್ಲಿ ಹೊರಬಂದಿತು. ಅದರ ಅಧ್ಯಾಯಗಳಿಗೆ ಮನೆಯವರು ಕೇಳುವ ಪ್ರಶ್ನೆಗಳನ್ನೇ ತಲೆಬರಹವಾಗಿ ಇರಿಸಿದ್ದರು: ಯಾವಾಗ ಚಿಂತಿಸಬೇಕು, ಇದೇಕಾಯಿತು, ಯಾವ ಉಪಚಾರ ಸಹಾಯಕವಾದೀತು, ಸಹಾಯಕ್ಕೆ ಎಲ್ಲಿಗೆ ಹೋಗಲಿ, ಮುಂದೇನು? ಈ ಕ್ರಮ ನಮಗೆ ಹಿಡಿಸಿತು. ಆದರೆ ತಲೆಬರಹ ಮನೆಯದಾದ ಮಾತ್ರಕ್ಕೆ ಹಣವೂ ಮನೆಯ ಕಡೆಗೆ ಬಂದೀತೆಂದು ತಿಳಿಯಲಾಗದು. ಬ್ರಿಟನ್ನಿನಲ್ಲಿ ೨೦೧೩ರಲ್ಲಿ ಲೆಕ್ಕ ತೆಗೆದಾಗ, ಸ್ವಲೀನತೆಯ ಸಂಶೋಧನೆಗೆ ಸಂದ ಹಣದಲ್ಲಿ ನೂರಕ್ಕೆ ೫೬ ಪಾಲು ಮೆದುಳು, ಜೀವಶಾಸ್ತ್ರ, ಬುದ್ಧಿವ್ಯಾಪಾರಗಳಿಗೆ ಹೋಗಿದ್ದಿತು. ಈ ಜನರಿಗೆ ದೊರೆಯುವ ಸೇವೆಯ ವಿಚಾರಕ್ಕೆ ೫. ಸಮಾಜದಲ್ಲಿ ಅವರ ಸ್ಥಿತಿಗತಿಗೆ ೧. ಸ್ವಲೀನರನ್ನೂ ಅವರ ಮನೆಯವರನ್ನೂ ಕೇಳಿದರೆ, ದಿನದ ಬಾಳು ಸುಗಮವಾಗುವ ವಿಷಯಗಳೇ ತಮಗೆ ಬೇಕೆಂದರು.

ಆ ದೇಶದಲ್ಲಿ ಜೇಮ್ಸ್ ಲಿಂಡ್ ಅವರ ಹೆಸರಿನ ಒಂದು ಒಕ್ಕೂಟವಿದೆ. ೧೭೪೭ರಲ್ಲಿ ಹಡಗಿನ ಹನ್ನೆರಡು ಮಂದಿ ನಾವಿಕರ ಮೇಲೆ ಪರೀಕ್ಷೆ ನಡೆಸಿ, ಕಿತ್ತಳೆ ನಿಂಬೆಗಳಿಂದ ಸ್ಕರ್ವಿ ರೋಗ ವಾಸಿಯಾಗುವುದೆಂದು ತೋರಿಸಿದವರು ಆ ಲಿಂಡರು. ಅವರ ಹೆಸರಿನ ಒಕ್ಕೂಟದ ಪದ್ಧತಿಯಂತೆ ಸಂಬಂಧಪಟ್ಟ ಜನರೂ, ಮನೆಯವರೂ, ವೈದ್ಯರೂ ಒಂದೇ ಪಂಕ್ತಿಯಲ್ಲಿ ಕುಳಿತು ೨೦೧೬ರಲ್ಲಿ ಹತ್ತು ಪ್ರಶ್ನೆಗಳನ್ನು ಆರಿಸಿದರು. ಮೊದಲನೆಯ ಸ್ಥಾನ ಬಂದುದು ವಂಶಬೀಜಕ್ಕಲ್ಲ, ಸ್ವಲೀನರ ಮನೋವ್ಯಥೆಯನ್ನು ತಗ್ಗಿಸುವ ಉಪಾಯಕ್ಕೆ. ಎರಡನೆಯದು ಮಾತು ಮತ್ತು ಸಂವಹನಕ್ಕೆ.

ಪಂಕ್ತಿಯಲ್ಲಿ ಕುಳಿತವರಿಗೂ ಏಕಮತವಿಲ್ಲ. ಜಿಮ್ ಸಿಂಕ್ಲೇರ್ ಎಂಬ ಸ್ವಲೀನರು ೧೯೯೩ರಲ್ಲಿಯೇ, ತಮ್ಮಂಥವರಿಗಾಗಿ ಶೋಕಿಸಬೇಡಿರೆಂದು ತಾಯ್ತಂದೆಗಳಿಗೆ ಹೇಳಿದ್ದರು. ಇದು ವಾಸಿಮಾಡಬೇಕಾದ ರೋಗವೇ ಅಲ್ಲವೆಂದು ವಾದಿಸುವವರು ಈಗ ಅನೇಕರಿರುವರು. ಇಪ್ಪತ್ತು ವರ್ಷವಾದರೂ ಒಂದು ಮಾತಾಡದ, ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಮಗನ ತಾಯಿಗೆ ಈ ಮಾತು ರುಚಿಸದು. ೨೦೨೧ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು, ಸದಾ ಬಳಿಯಲ್ಲೊಬ್ಬರು ಇರಲೇಬೇಕಾದವರಿಗೆ ಗಾಢ ಸ್ವಲೀನತೆ ಎಂಬ ಪ್ರತ್ಯೇಕ ಹೆಸರನ್ನು ಸೂಚಿಸಿದಾಗ ಈ ಜಗಳ ಮತ್ತೆ ಕಾವೇರಿತು. ನಮಗೆ ತೋರುವುದಿಷ್ಟು: ಸಂತೆಯ ಗದ್ದಲವು ಕಿವಿಗೆ ಹೇಗೆ ಇರಿಯುವುದೆಂಬುದನ್ನು ಒಳಗಿನಿಂದ ಬಲ್ಲವರು ಮಾತಾಡಬಲ್ಲ ಸ್ವಲೀನರೇ. ಆದರೆ ಮಾತಿಲ್ಲದವನ ಪಾಲಿನ ಮಣೆಯ ಮೇಲೆ ಅವನ ತಾಯಿ ಕೂಡಲೇಬೇಕು; ಆಕೆಯನ್ನು ಎಬ್ಬಿಸಿದರೆ ಆ ಮಣೆ ಖಾಲಿ.

ನಮ್ಮ ನಾಡಿಗೆ ಹತ್ತಿರದ ಸಂಗತಿಯೊಂದಿದೆ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಮಕ್ಕಳೊಡನೆ ನಡೆದ ಪ್ರಯೋಗವೊಂದು ೨೦೧೬ರಲ್ಲಿ ಪ್ರಕಟವಾಯಿತು. ತಾಯಿ ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಆಕೆಗೇ ತೋರಿಸಿ, ಮಗು ಎಲ್ಲಿ ಸಣ್ಣ ಸನ್ನೆ ಮಾಡಿತು, ಅದಕ್ಕೆ ಆಕೆ ಹೇಗೆ ಓಗೊಡಬಹುದಾಗಿತ್ತು ಎಂಬುದನ್ನು ಗುರುತಿಸಿಕೊಡುವುದೇ ಅದರ ಕ್ರಮ. ಹೇಳಿಕೊಟ್ಟವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿಯೇ ತಾಯಿಯ ಕಡೆಗೆ ತಿರುಗಿ ಏನನ್ನಾದರೂ ತಿಳಿಸುವುದು ಹೆಚ್ಚಿತು. ಹಿಂದೆ ತಾಯಿಯೇ ಕಾರಣವೆಂದರು. ಇಲ್ಲಿ ತಾಯಿಯೇ ಉಪಾಯ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಂಥ ದೊಡ್ಡ ನೆಲೆಗಳು ನಮಗುಂಟು. ಬೀದರಿನ ಹಳ್ಳಿಯಿಂದ ಮಗುವನ್ನು ಹೊತ್ತು ಅಲ್ಲಿಗೆ ಎಷ್ಟು ಸಲ ಬರಲಾದೀತು? ಆದುದರಿಂದ ಇಂಥ ಪ್ರಯೋಗಗಳಿಗೆ ನಮ್ಮಲ್ಲಿ ಅಗ್ರಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಪ್ರಶ್ನೆಯನ್ನು ತಾಯಂದಿರು ಎಲ್ಲರ ಎದುರಿಗೆ ಕೇಳರು, ಬಾಗಿಲ ಬಳಿ ಹೊರಡುವಾಗ ಕೇಳುವರು: ನಾವು ಹೋದಮೇಲೆ ಇವನ ಗತಿಯೇನು? ೧೯೯೯ರ ರಾಷ್ಟ್ರೀಯ ನ್ಯಾಸ ಶಾಸನದಲ್ಲಿ ಕಾನೂನಿನ ಪಾಲಕರನ್ನು ನೇಮಿಸುವ ಏರ್ಪಾಡಿದೆ. ಮುಪ್ಪಿನ ಸ್ವಲೀನರ ಬಾಳನ್ನು ಕುರಿತ ಶೋಧನೆಯಾದರೋ ಎಲ್ಲ ದೇಶಗಳಲ್ಲಿಯೂ ಕಡಮೆ. ಕ್ಯಾನರರ ಹನ್ನೊಂದು ಮಕ್ಕಳಲ್ಲಿ ಮೊದಲನೆಯವರಾದ ಡೊನಾಲ್ಡ್ ಟ್ರಿಪ್ಲೆಟ್ ಅವರು ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ, ತಾಯ್ತಂದೆಗಳು ಗತಿಸಿದ ಮೇಲೆಯೂ ಬಹುಕಾಲ ಬಾಳಿ, ೨೦೨೩ರಲ್ಲಿ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಬ್ಯಾಂಕಿನಲ್ಲಿ ಕೆಲಸಮಾಡಿದರು, ಕಾರು ನಡೆಸಿದರು, ಗಾಲ್ಫ್ ಆಡಿದರು, ದೇಶದೇಶಗಳನ್ನು ಒಬ್ಬರೇ ಸುತ್ತಿಬಂದರು. ಮನೆಯವರು ಸ್ಥಿತಿವಂತರಾಗಿದ್ದರೆಂಬುದು ನಿಜ. ಆದರೆ ಊರಿನವರೂ ಅವರನ್ನು ತಮ್ಮವರೆಂದೇ ನೋಡಿಕೊಂಡರು.